ನಮ್ಮ ಮಾತು ಬರೀ ನಗಸಾಕ ಐತೇನು?

ಪದವಿ ಮುಗಿಸಿ ಬೆಂಗಳೂರಿಗೆ ಸಂದರ್ಶನಕ್ಕೆ ಹೋಗಿದ್ದೆ. ಫೋನಿನಲ್ಲಿ ಗ್ರಾಹಕರ ಜೊತೆ ಕನ್ನಡದಲ್ಲೇ ಮಾತಾಡುವ ಕೆಲಸ. ಊರು ಕೇಳಿದರು. 'ಹುನಗುಂದ ರೀ' ಎಂದೆ. ಎದುರಿಗಿದ್ದ ಇಬ್ಬರೂ ನಕ್ಕರು. 'ಥೇಟ್ ಸಿನಿಮಾದಲ್ಲಿ ಕೇಳಿದ ಹಾಗೇ ಇದೆ, ಇನ್ನೊಂದು ಸಲ ಹೇಳಿ' ಎಂದರು ಒಬ್ಬರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಉಳಿದ ಹತ್ತು ನಿಮಿಷ 'ರೀ' ನುಂಗಿಕೊಂಡೇ ಉತ್ತರ ಕೊಟ್ಟೆ. ಕೆಲಸ ಸಿಗಲಿಲ್ಲ.

ಅವರನ್ನು ದೂರಿ ಏನು ಮಾಡುವುದು? ನಮ್ಮ ಮಾತು ಅವರ ಕಿವಿಗೆ ಬಿದ್ದದ್ದೇ ಸಿನಿಮಾದಿಂದ. ಅಲ್ಲಿ ನಮ್ಮ ಹಾಗೆ ಮಾತಾಡುವವರು ಯಾರು? ಹಾಸ್ಯ ಪಾತ್ರದವ, ಗಾರೆ ಕೆಲಸದವ, ಇಲ್ಲವೇ ಮೀಸೆ ತಿರುವುವ ರೌಡಿ. ಡಾಕ್ಟರೋ ಲೆಕ್ಚರರೋ 'ಹೌದ್ರಿ' ಎಂದದ್ದು ಅಪರೂಪ. ನಾಯಕಿಗೆ ಹಾಡಿನಲ್ಲಿ ಇಳಕಲ್ ಸೀರೆ ಉಡಿಸುತ್ತಾರೆ, ಹಿಂದೆ ಬಾದಾಮಿಯ ಕೆಂಪು ಬಂಡೆ ತೋರಿಸುತ್ತಾರೆ. ಸೀರೆ ಬೇಕು, ಬಂಡೆ ಬೇಕು, ಮಾತು ಮಾತ್ರ ಬೇಡ.

ಕಥೆಗಳೂ ಬೇಕು ಅನ್ನಿ. 1974ರಲ್ಲಿ ರಾಜ್‌ಕುಮಾರ್ ನಟಿಸಿದ 'ಸಂಪತ್ತಿಗೆ ಸವಾಲ್' ಇಂದಿಗೂ ಟಿ.ವಿ.ಯಲ್ಲಿ ಬಂದರೆ ಮನೆಮಂದಿ ಕೂತು ನೋಡುತ್ತೇವೆ. ಅದು ಮೊದಲು ನಾಟಕ. ಬರೆದವರು ನಮ್ಮ ಹುನಗುಂದ ತಾಲ್ಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿ. 'ರಕ್ತರಾತ್ರಿ' ಬರೆದು ಕನ್ನಡದ ಷೇಕ್ಸ್‌ಪಿಯರ್ ಎನಿಸಿಕೊಂಡ ಹನುಮಂತರಾಯರ ಕಂದಗಲ್ಲೂ ಈ ಕಡೆಯದೇ. ನನ್ನ ತರಗತಿಯಲ್ಲಿ ಎಷ್ಟು ಜನರಿಗೆ ಈ ಹೆಸರುಗಳು ಗೊತ್ತಿದ್ದವು? ನನಗೇ ಗೊತ್ತಿರಲಿಲ್ಲ, ಅಜ್ಜ ಹೇಳಿದ್ದು.

ಅಮೆರಿಕದಲ್ಲಿ ಸ್ಪ್ಯಾನಿಷ್ ಮನೆಮಾತಿನವರದ್ದೂ ಇದೇ ಗೋಳು. ಹಾಲಿವುಡ್‌ನಲ್ಲಿ ಅವರಿಗೆ ಬಹುಕಾಲ ಮನೆಗೆಲಸದವಳ ಪಾತ್ರ, ಗ್ಯಾಂಗಿನವನ ಪಾತ್ರ. ಟೆಕ್ಸಾಸ್‌ನ ಲೇಖಕಿ ಗ್ಲೋರಿಯಾ ಅನ್ಸಾಲ್ದುವಾ ಶಾಲೆಯಲ್ಲಿ ಸ್ಪ್ಯಾನಿಷ್ ಆಡಿದ್ದಕ್ಕೆ ಶಿಕ್ಷೆ ಉಂಡವರು. 1987ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಎರಡೂ ಭಾಷೆ ಬೆರೆಸಿಯೇ ಬರೆದರು. ಎಷ್ಟೋ ಕಡೆ ಅರ್ಥ ಬಿಡಿಸುವ ಗೋಜಿಗೂ ಹೋಗಲಿಲ್ಲ.

ನಮ್ಮಲ್ಲೂ ದಾರಿ ಇಲ್ಲದಿಲ್ಲ. 'ತಿಥಿ'ಯಲ್ಲಿ ಮಂಡ್ಯದ ಹಳ್ಳಿಯವರೇ ನಟಿಸಿದರು, ತಮ್ಮ ಮಾತಿನಲ್ಲೇ. ಆ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಮಂಡ್ಯಕ್ಕೆ ಆದದ್ದು ಬಾಗಲಕೋಟೆಗೆ ಯಾಕಾಗದು?

ತಪ್ಪು ನಮ್ಮದೂ ಇದೆ. ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಸಾಲಾಗಿ ಟೆಂಟ್ ಹಾಕುತ್ತವೆ. ಈಗ ಎಷ್ಟೋ ನಾಟಕಗಳ ಹೆಸರನ್ನು ತಂಗಿಯ ಮುಂದೆ ಓದಲು ನಾಚಿಕೆ. ರೀಲ್ಸ್ ಮಾಡುವ ನಮ್ಮ ಹುಡುಗರು ಬೈಗುಳಕ್ಕಷ್ಟೇ ನಮ್ಮ ಮಾತು ಬಳಸುತ್ತಾರೆ, ಲೈಕು ಬೀಳುತ್ತವೆ.

ನಾವು ನಾಲ್ಕು ಗೆಳೆಯರು ಸೇರಿ ಒಂದು ಕಿರುಚಿತ್ರ ಬರೆಯುತ್ತಿದ್ದೇವೆ. ನಾಯಕಿ ಇಳಕಲ್ಲಿನ ನೇಕಾರರ ಮಗಳು, ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವಳು. ಆ ಪಾತ್ರಕ್ಕೆ ತಂಗಿ ಒಪ್ಪಿದ್ದಾಳೆ. ಚೀಟಿ ಕೈಗೆ ಕೊಟ್ಟ ಕೂಡಲೇ ಅವಳು ಕೇಳಿದ್ದು, 'ಅಣ್ಣಾ, ಇದನ್ನ ಬೆಂಗಳೂರ ಕನ್ನಡದಾಗ ಹೇಳ್ಲೇನು?'