ಹಸಿದವರ ಬಿಪಿ

2023ರ ಏಪ್ರಿಲ್‌ನಲ್ಲಿ ಸುಡಾನಿನ ಸೇನೆಗೂ ಅರೆಸೇನಾಪಡೆಗೂ ಕಾಳಗ ಶುರುವಾದಾಗ ದಾರ್ಫುರದ ಅಲ್ ಫಾಶಿರ್ ಪಟ್ಟಣದಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಸಿಕ್ಕಿಬಿದ್ದರು. ಹುಣಸೂರು, ಶಿವಮೊಗ್ಗ ಕಡೆಯವರ ಜೊತೆ ನಮ್ಮದೇ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನವರೂ ಇದ್ದರು. ಗಿಡಮೂಲಿಕೆ ಔಷಧಿ, ಎಣ್ಣೆ ಮಾರಿ ನಾಲ್ಕು ಕಾಸು ಮಾಡಲು ಹೋದವರು ಗುಂಡಿನ ಸದ್ದಿಗೆ ಬಾಗಿಲು ಹಾಕಿಕೊಂಡು ಅನ್ನ ನೀರಿಗೆ ಪರದಾಡಿದರು. ಭಾರತ ಸರ್ಕಾರದ ತೆರವು ಕಾರ್ಯಾಚರಣೆ ಆಪರೇಷನ್ ಕಾವೇರಿಯ ಮೂಲಕ ನಮ್ಮವರು ಮನೆ ಸೇರಿದರು. ಅಲ್ಲಿಯೇ ಹುಟ್ಟಿದವರು ಎಲ್ಲಿಗೆ ಹೋಗಬೇಕು? ಆ ಪಟ್ಟಣದ ಪಕ್ಕದಲ್ಲೇ ಇದ್ದ, ನೆಲೆ ತಪ್ಪಿದವರ ಜಮ್‌ಜಮ್ ಶಿಬಿರದಲ್ಲಿ ಕ್ಷಾಮ ತಲೆದೋರಿದೆ ಎಂದು 2024ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿ ಸಾರಿತು.

ಕ್ಷಾಮದ ಸುದ್ದಿ ಬಂದಾಗ ನಾವು ಸತ್ತವರ ಲೆಕ್ಕ ಕೇಳುತ್ತೇವೆ. ಬದುಕುಳಿದ ಹುಡುಗ ಹುಡುಗಿಯರ ಮೈಯೊಳಗೆ ಆ ಹಸಿವು ಮುಂದೆ ಏನು ಮಾಡುತ್ತದೆ ಎಂದು ಕೇಳುವುದಿಲ್ಲ. ಬಿಪಿ ಎಂದರೆ ಉಂಡು ಕೂತವರ ಕಾಯಿಲೆ, ವಯಸ್ಸಾದ ಮೇಲೆ ಬರುವುದು ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಆದರೆ ಹಸಿದು ಬೆಳೆದವರನ್ನೂ ಅದು ಬಿಡುವುದಿಲ್ಲ.

ನೈಜೀರಿಯಾದ ಬಿಯಾಫ್ರಾ ಯುದ್ಧದ ಕ್ಷಾಮ (1967–70) ಇದಕ್ಕೆ ಸಾಕ್ಷಿ. ಆಗ ಗರ್ಭದಲ್ಲಿದ್ದವರನ್ನು, ಎಳೆಗೂಸಾಗಿದ್ದವರನ್ನು ಸುಮಾರು 40ರ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಕ್ಷಾಮ ಕಳೆದ ಮೇಲೆ ಹುಟ್ಟಿದವರಿಗಿಂತ ಅವರಲ್ಲೇ ಅಧಿಕ ರಕ್ತದೊತ್ತಡ ಹೆಚ್ಚಾಗಿ ಕಂಡಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದ ಜೋಪಾನ ಮಾಡಿದ್ದ ಹೆರಿಗೆ ದಾಖಲೆಗಳೂ ಹೃದಯದ ವಿಷಯದಲ್ಲಿ ಇಂಥದೇ ಕಥೆ ಹೇಳಿದವು. ಅಲ್ಲಿ ಹುಟ್ಟಿದ 517 ಮಂದಿಯನ್ನು ನಡುವಯಸ್ಸಿನಲ್ಲಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11ರಷ್ಟು ಜನರಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು. ಮೂರು ಕಿಲೋಗೂ ಮೇಲೆ ತೂಗಿದ್ದವರಲ್ಲಿ ಅದು ಶೇ 3 ಮಾತ್ರ.

ಕಾರಣ ಊಹೆಗೆ ಮೀರಿದ್ದಲ್ಲ. ಮೂತ್ರಪಿಂಡದಲ್ಲಿ ರಕ್ತ ಸೋಸುವ ಘಟಕಗಳು ತಾಯಿಯ ಹೊಟ್ಟೆಯಲ್ಲೇ ರೂಪುಗೊಳ್ಳುತ್ತವೆ. ಬಸುರಿ ಅರೆಹೊಟ್ಟೆಯಲ್ಲಿದ್ದರೆ ಮಗುವಿಗೆ ಅವು ಕಡಿಮೆಯಾಗಬಹುದು, ಆಮೇಲೆ ಹೊಸದಾಗಿ ಬೆಳೆಯುವುದಿಲ್ಲ. ಇಂಥ ದೇಹಕ್ಕೆ ಉಪ್ಪನ್ನು ಹೊರಹಾಕುವುದೇ ಕಷ್ಟ. ನೆಲೆ ತಪ್ಪಿದವರ ತಟ್ಟೆಯಲ್ಲಾದರೋ ಹಣ್ಣು, ಸೊಪ್ಪು, ಹಾಲು ಮೊದಲು ಮಾಯವಾಗುತ್ತವೆ. ಅನ್ನ, ಉಪ್ಪು, ಉಪ್ಪಿನಕಾಯಿ ಉಳಿಯುತ್ತವೆ. ಮೇಲೆ ನಿದ್ದೆಗೇಡು, ನಾಳೆಯ ಚಿಂತೆ.

ನಮ್ಮಲ್ಲಿ ಯುದ್ಧವಿಲ್ಲ ನಿಜ, ಆದರೆ ನೆಲೆ ತಪ್ಪುವುದು ಇದ್ದೇ ಇದೆ. ತುಂಗಭದ್ರೆ ಉಕ್ಕಿದಾಗ ಹರಿಹರದ ಗಂಗಾನಗರದವರು ಗಂಟುಮೂಟೆ ಕಟ್ಟಿ ಕಾಳಜಿ ಕೇಂದ್ರ ಸೇರುತ್ತಾರೆ. ಬರಕ್ಕೆ ಗುಳೆ ಬಂದ ಹುಡುಗರು ದಾವಣಗೆರೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೇ ಎಷ್ಟೋ ರಾತ್ರಿ ಕಳೆಯುತ್ತಾರೆ. ಮಂಡಕ್ಕಿ ನಮ್ಮೂರಿನ ಹೆಮ್ಮೆ. ಆದರೆ ಭಟ್ಟಿಯಲ್ಲಿ ಉಪ್ಪುನೀರು ಬೆರೆಸಿದ ಅಕ್ಕಿಯನ್ನೇ ಕಾದ ಮರಳಿನಲ್ಲಿ ಹುರಿಯುವುದು. ಸಂಜೆಯ ತಿಂಡಿಗೆ ಅದು ಚೆನ್ನ, ರಾತ್ರಿಯ ಊಟಕ್ಕೆ ಬದಲಾಗಬಾರದು. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಅಸಾಂಕ್ರಾಮಿಕ ರೋಗಗಳ ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ಬಿಪಿ ತಪಾಸಣೆ 30 ತುಂಬಿದವರಿಗೆ. ಇಪ್ಪತ್ತರ ಹುಡುಗನ ತೋಳಿಗೆ ಪಟ್ಟಿ ಸುತ್ತುವವರು ಯಾರು? ಈ ಕಾಯಿಲೆಗೆ ನೋವಿಲ್ಲ. ತಲೆಸುತ್ತು ಬಂದರೂ ಹಸಿವಿನದು ಎಂದೇ ಅವನು ತಿಳಿಯುತ್ತಾನೆ. ಊರು ಬಿಟ್ಟು ಬಂದ ಯುವಕರನ್ನಾದರೂ 18ರಿಂದಲೇ ಪರೀಕ್ಷಿಸಬೇಕು. ಕಾಳಜಿ ಕೇಂದ್ರದ ಊಟದಲ್ಲಿ ಬೇಳೆ, ಸೊಪ್ಪು ಇರಬೇಕು, ಉಪ್ಪು ಹಿಡಿತದಲ್ಲಿರಬೇಕು. ಬಸುರಿಯರಿಗೆ ಮೊದಲ ಪಂಕ್ತಿ ಹಾಕಬೇಕು. ಬಿಪಿ ಅಳೆಯುವ ಒಂದು ಪಟ್ಟಿ, ಒಂದು ಹಿಡಿ ಬೇಳೆ ಯಾವ ಜಿಲ್ಲಾಡಳಿತಕ್ಕೂ ಭಾರವಲ್ಲ. ಇಂದು ಆ ಖರ್ಚನ್ನು ಉಳಿಸಲು ಹೋದರೆ, ಇಪ್ಪತ್ತು ವರ್ಷದ ನಂತರ ಲಕ್ವ ಹೊಡೆದ, ಡಯಾಲಿಸಿಸ್‌ಗೆ ಸಾಲುಗಟ್ಟಿದ ಮನೆಗಳು ಅದರ ಬೆಲೆ ತೆರುತ್ತವೆ.