ಮನೆಯೊಡತಿಯೂ ಕುಳಿತು ಉಣ್ಣುವ ಔತಣ

ಮೂರು ವರ್ಷಗಳ ಹಿಂದಿನ ಮಾತು. ಸೇವೆಯಿಂದ ನಿವೃತ್ತರಾದ ಐದಾರು ಮಂದಿ ಹಳೆಯ ಸಹೋದ್ಯೋಗಿಗಳು ಒಂದು ಭಾನುವಾರ ಬೆಂಗಳೂರಿನ ನಮ್ಮ ಮನೆಯಲ್ಲಿ ಸಪತ್ನೀಕರಾಗಿ ಸೇರಿದ್ದರು. ಎರಡು ಬಗೆಯ ಪಲ್ಯ, ಕೋಸಂಬರಿ, ಪೂರಿ, ಸಾಗು, ಬಿಸಿಬೇಳೆಬಾತ್, ಮೊಸರನ್ನ, ಒಬ್ಬಟ್ಟು, ಪಾಯಸ. ಯಾವುದಕ್ಕೂ ಕೊರತೆಯಿರಲಿಲ್ಲ. ಹರಟೆಯೂ ಸೊಗಸಾಗಿ ನಡೆಯಿತು. ಎಲ್ಲರನ್ನೂ ಬೀಳ್ಕೊಟ್ಟು ಒಳಗೆ ಬಂದವನು, ‘ಎಷ್ಟು ಚೆನ್ನಾಗಿತ್ತಲ್ಲವೇ?’ ಎಂದು ಪತ್ನಿಯನ್ನು ಕೇಳಿದೆ. ಪಾತ್ರೆಗಳನ್ನು ಒಟ್ಟುಮಾಡುತ್ತಿದ್ದ ಆಕೆ, ‘ನನಗೇನು ಗೊತ್ತು? ನಾನು ಎಲ್ಲರ ದನಿ ಮಾತ್ರ ಕೇಳಿಸಿಕೊಂಡೆ’ ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದ ಸಂಗತಿಯನ್ನು ಇದ್ದ ಹಾಗೆ ಹೇಳಿದ್ದಳು, ಅಷ್ಟೆ. ಶನಿವಾರ ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿ ನಿಂತವಳು ಭಾನುವಾರ ಸಂಜೆಯವರೆಗೂ ಕುಳಿತಿರಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಯಾವುದೇ ವಸ್ತುವಿನ ನಿಜವಾದ ಬೆಲೆಯೆಂದರೆ ಅದಕ್ಕಾಗಿ ನಾವು ಬಿಟ್ಟುಕೊಡುವ ಇನ್ನೊಂದು ಎಂಬ ಪಾಠ ಗೊತ್ತಿತ್ತು. ಅದನ್ನು ನಮ್ಮ ಮನೆಯ ಔತಣಕ್ಕೆ ಅನ್ವಯಿಸಿ ನೋಡಿರಲಿಲ್ಲ. ದೇಶದ ಲೆಕ್ಕವೂ ಇದಕ್ಕಿಂತ ಭಿನ್ನವಾಗಿಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಿದ್ದರೆ, ಪುರುಷರು 97 ನಿಮಿಷ ವ್ಯಯಿಸುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಈ ಅಂಕಿಗಳು ಕ್ರಮವಾಗಿ 289 ಮತ್ತು 88. ಐದು ವರ್ಷಗಳಲ್ಲಿ ಮಹಿಳೆಯರಿಗೆ ಹತ್ತು ನಿಮಿಷದ ಬಿಡುವು ದೊರೆತಿದೆ, ನಿಜ. ಪುರುಷರೂ ಒಂಬತ್ತು ನಿಮಿಷ ಉಳಿಸಿಕೊಂಡಿದ್ದಾರೆ! ಹಬ್ಬ, ಹುಟ್ಟುಹಬ್ಬ, ಗೆಳೆಯರ ಕೂಟಗಳಂದು ಈ ಅಂತರ ಇನ್ನಷ್ಟು ಹಿಗ್ಗುತ್ತದೆ ಎಂಬುದಕ್ಕೆ ಯಾವ ಸಮೀಕ್ಷೆಯೂ ಬೇಕಾಗಿಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ಸಮಸ್ಯೆಯಿದೆ. ನಾವು ಹನ್ನೊಂದು ಬಗೆ ಮಾಡಿ ಬಡಿಸಿದರೆ, ಮುಂದಿನ ಬಾರಿ ಕರೆಯುವವರು ಹನ್ನೆರಡು ಮಾಡಬೇಕೆಂದುಕೊಳ್ಳುತ್ತಾರೆ. ಮಾಡಲಾಗದವರು ಕರೆಯುವುದನ್ನೇ ಮುಂದೂಡುತ್ತಾರೆ. ಥಾರ್‌ಸ್ಟೀನ್ ವೆಬ್ಲೆನ್ 1899ರಷ್ಟು ಹಿಂದೆಯೇ ಪ್ರದರ್ಶನಕ್ಕಾಗಿ ಮಾಡುವ ಅನುಭೋಗದ ಬಗ್ಗೆ ಬರೆದಿದ್ದ. ಅವನು ಕಂಡದ್ದು ಅಮೆರಿಕದ ಸಿರಿವಂತರನ್ನು. ನಮ್ಮ ಮಧ್ಯಮ ವರ್ಗದಲ್ಲಿ ಅದು ಮರ್ಯಾದೆಯ ಹೆಸರಿನಲ್ಲಿ ನಡೆಯುತ್ತದೆ. ಪ್ರತಿ ಭೇಟಿಯ ವೆಚ್ಚ ಏರಿದಂತೆ ಭೇಟಿಗಳ ಸಂಖ್ಯೆ ಇಳಿಯುತ್ತದೆ. ಇದು ಬೇಡಿಕೆಯ ಸರಳ ನಿಯಮ. ಅಂದಿನ ಔತಣದ ನಂತರ ಒಂದೂವರೆ ವರ್ಷ ನಮ್ಮ ಗುಂಪಿನ ಯಾರೂ ಯಾರನ್ನೂ ಕರೆಯಲಿಲ್ಲ. ಆ ಅವಧಿಯಲ್ಲಿ ನಮ್ಮಲ್ಲೊಬ್ಬರು ತೀರಿಕೊಂಡರು. ಉಳಿದವರು ಮತ್ತೆ ಒಟ್ಟಾಗಿ ಭೇಟಿಯಾದದ್ದು ಅವರ ಅಂತಿಮ ದರ್ಶನದಲ್ಲಿ.

ಹೊರಗಿನಿಂದ ತರಿಸಿದರೆ ಆಗದೇ ಎಂದು ಕೇಳಬಹುದು. ಈಗ ಬಹಳಷ್ಟು ಜನ ಹಾಗೆಯೇ ಮಾಡುತ್ತಾರೆ. 2023–24ರ ಕುಟುಂಬ ಅನುಭೋಗ ವೆಚ್ಚ ಸಮೀಕ್ಷೆಯಂತೆ ನಗರವಾಸಿಗಳ ತಲಾ ವೆಚ್ಚದಲ್ಲಿ ಶೇ 11ರಷ್ಟು ಪಾನೀಯ ಮತ್ತು ಸಂಸ್ಕರಿತ ಆಹಾರಕ್ಕೇ ಹೋಗುತ್ತಿದೆ. ಮನೆಯೊಡತಿಯ ಶ್ರಮ ತಪ್ಪುತ್ತದೆ, ಸರಿ. ಆದರೆ ಡಬ್ಬಿ ಬಿಚ್ಚಿ ತಿಂದು ಮುಚ್ಚುವ ಊಟದಲ್ಲಿ ಕೂಟಕ್ಕೆ ಮಾಡಲು ಏನೂ ಉಳಿಯುವುದಿಲ್ಲ. ಹತ್ತು ಜನರ ಬಿಲ್ಲು ತಿಂಗಳಿಗೊಮ್ಮೆ ಕರೆಯುವ ಉತ್ಸಾಹವನ್ನೂ ಉಳಿಸುವುದಿಲ್ಲ.

ಈ ಯೋಚನೆಯಲ್ಲಿದ್ದಾಗ ನೆನಪಾದದ್ದು ಸೀತನಿ. 1980ರ ದಶಕದ ಕೊನೆಯಲ್ಲಿ ನಾನು ಆಗಿನ ಬಿಜಾಪುರ ಜಿಲ್ಲೆಯಲ್ಲಿ ಕಿರಿಯ ಅಧಿಕಾರಿಯಾಗಿದ್ದೆ. ಹಿಂಗಾರಿ ಜೋಳ ಹಾಲುಗಾಳು ಕಟ್ಟುವ ಚಳಿಗಾಲದಲ್ಲಿ ಊರಿನವರು ಸೀತನಿ ತಿನ್ನಲು ಹೊಲಕ್ಕೆ ಕರೆಯುತ್ತಿದ್ದರು. ಎರೆಭೂಮಿಯಲ್ಲಿ ಒಂದು ತಗ್ಗು ತೋಡಿ, ಕುಳ್ಳಿನ ಬೆಂಕಿ ಮಾಡಿ, ಉರಿ ಆರಿದ ಮೇಲೆ ಆ ಕೆಂಡದಲ್ಲಿ ಎಳೆಯ ತೆನೆಗಳನ್ನು ಹುದುಗಿಸುತ್ತಿದ್ದರು. ಬಿಸಿ ತೆನೆಯನ್ನು ಉಜ್ಜಿ, ಹೊಟ್ಟು ತೂರಿ ಕೈಗೆ ಕೊಟ್ಟರೆ, ಅದರ ಜೊತೆಗೆ ಬೆಲ್ಲ, ಶೇಂಗಾ ಚಟ್ನಿ, ಗಟ್ಟಿ ಮೊಸರು. ತೆನೆ ಸುಡುವವರು ಗಂಡಸರೇ. ಮನೆಯ ಹೆಂಗಸರು ನಮ್ಮಂತೆಯೇ ಕೆಂಡದ ಸುತ್ತ ಕುಳಿತು ತಿನ್ನುತ್ತಿದ್ದರು, ನಗುತ್ತಿದ್ದರು. ‘ಏನೂ ಮಾಡಿಲ್ರೀ ಸಾಹೇಬ್ರ, ಹೊಲದಾಗ ಇದ್ದದ್ದ ಅಷ್ಟ’ ಎಂದು ಹಿರಿಯ ರೈತರೊಬ್ಬರು ಸಂಕೋಚಪಟ್ಟದ್ದುಂಟು. ಆ ಜಿಲ್ಲೆಯಲ್ಲಿ ನಾನು ಉಂಡ ಮದುವೆಯೂಟಗಳು ಒಂದೂ ನೆನಪಿಲ್ಲ. ಆ ಸಂಜೆಗಳು ನೆನಪಿವೆ.

ಸುಡುವ ಅಡುಗೆಯ ಗುಣ ಇರುವುದು ಇಲ್ಲಿಯೇ. ಅದಕ್ಕೆ ಪೂರ್ವಸಿದ್ಧತೆ ಅಲ್ಪ, ಕೈಗಳು ಅನೇಕ. ಕೆಂಡ ಬಯಲಿನಲ್ಲಿರುವುದರಿಂದ ಅಡುಗೆ ಮಾಡುವವರು ಮಾತಿನಿಂದ ದೂರವಾಗುವುದಿಲ್ಲ. ಹೆಚ್ಚಿನ ಕೌಶಲವೂ ಬೇಡವಾದ್ದರಿಂದ ‘ನನಗೆ ಬರುವುದಿಲ್ಲ’ ಎಂಬ ನೆಪ ಗಂಡಸರಿಗೆ ಸಿಗುವುದಿಲ್ಲ. ಕಳೆದ ವರ್ಷ ಫೆಬ್ರುವರಿಯ ಒಂದು ಸಂಜೆ ಅದೇ ಗೆಳೆಯರನ್ನು ಮತ್ತೆ ಕರೆದೆ. ತಾರಸಿಯ ಮೇಲೆ ಇದ್ದಿಲ ಒಲೆ, ಅದರ ಮೇಲೊಂದು ಕಬ್ಬಿಣದ ಜಾಲರಿ. ಗೆಣಸು, ಸಿಪ್ಪೆಸಹಿತ ಮುಸುಕಿನ ಜೋಳ, ಗುಂಡು ಬದನೆಕಾಯಿ, ಮೊಸರು–ಮಸಾಲೆಯಲ್ಲಿ ನೆನೆಸಿದ ಪನೀರ್, ಈರುಳ್ಳಿ ಮತ್ತು ದಪ್ಪ ಮೆಣಸಿನಕಾಯಿಯ ಹೋಳುಗಳು. ಅಂಗಡಿಯಿಂದ ತಂದ ಬ್ರೆಡ್ಡು, ಮನೆಯಲ್ಲಿದ್ದ ಚಟ್ನಿಪುಡಿ. ಕೊನೆಗೆ ಬಾಳೆಹಣ್ಣಿನ ರಸಾಯನ: ಏಲಕ್ಕಿಬಾಳೆಯ ಬಿಲ್ಲೆಗಳು, ತೆಂಗಿನಹಾಲು, ಬೆಲ್ಲ, ಚಿಟಿಕೆ ಏಲಕ್ಕಿ. ಇದಕ್ಕೆ ಒಲೆಯೇ ಬೇಡ, ಹತ್ತು ನಿಮಿಷ ಸಾಕು.

ಮೊದಲ ಅರ್ಧ ಗಂಟೆ ಅಧ್ವಾನವಾಯಿತು. ಜಿಲ್ಲೆಗಳನ್ನೇ ಆಳಿದ ನಾವು ನಾಲ್ವರು ಉರಿಯುತ್ತಿದ್ದ ಜ್ವಾಲೆಯ ಮೇಲೇ ಜೋಳವಿಟ್ಟು ಕರಕಲು ಮಾಡಿದೆವು. ಜ್ವಾಲೆ ಅಡಗಿ ಇದ್ದಿಲಿನ ಮೇಲೆ ಬೂದಿ ಮುಸುಕಿದ ನಂತರವೇ ಸುಡಬೇಕು, ನಿಧಾನವಾಗಿ ಬೇಯುವ ಗೆಣಸನ್ನು ಮೊದಲು ಇಡಬೇಕು ಎಂಬ ಪಾಠ ಹೇಳಿಕೊಟ್ಟವರು ಕುರ್ಚಿಯಲ್ಲಿ ಕುಳಿತಿದ್ದ ಮಹಿಳೆಯರು. ಸುಟ್ಟ ಬದನೆಕಾಯಿಯ ಸಿಪ್ಪೆ ಸುಲಿದು ಮೊಸರಿಗೆ ಬೆರೆಸಿದ್ದು ಒಬ್ಬ ಮಾಜಿ ಜಿಲ್ಲಾಧಿಕಾರಿ. ಉಳಿದ ಕೆಂಡದ ಮೇಲೆ ಅನಾನಸ್ ಹೋಳುಗಳನ್ನಿಟ್ಟು ಬೆಲ್ಲದ ಪುಡಿ ಉದುರಿಸಬಹುದೆಂಬುದು ಅವರ ಪತ್ನಿಯ ಸಲಹೆ. ಅದು ರಸಾಯನಕ್ಕಿಂತಲೂ ಬೇಗ ಖಾಲಿಯಾಯಿತು. ಹೊರಡುವಾಗ ಮೂವರು, ‘ಮುಂದಿನ ತಿಂಗಳು ನಮ್ಮಲ್ಲಿ’ ಎಂದರು. ಹನ್ನೊಂದು ಬಗೆಯ ಊಟದ ನಂತರ ಯಾರೂ ಆಡದ ಮಾತದು. ಸರಳವಾಗಿ ಬಡಿಸುವುದೆಂದರೆ ಅತಿಥಿಗೆ ಮರಳಿ ಕರೆಯುವ ಧೈರ್ಯವನ್ನು ಕೊಡುವುದು ಎಂದು ನನಗೆ ಹೊಳೆದದ್ದು ಆಗ.

ಆಕ್ಷೇಪಗಳು ಇಲ್ಲದಿಲ್ಲ. ಇದ್ದಿಲ ಒಲೆಯನ್ನು ಮುಚ್ಚಿದ ಕೋಣೆಯಲ್ಲಾಗಲಿ, ಗಾಜು ಹಾಕಿದ ಬಾಲ್ಕನಿಯಲ್ಲಾಗಲಿ ಉರಿಸಲೇಬಾರದು. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಜೀವ ತೆಗೆಯುವ ಶಕ್ತಿಯಿದೆ. ತಾರಸಿಯಿಲ್ಲದವರಿಗೆ ಗ್ಯಾಸ್ ಒಲೆಯ ಮೇಲಿನ ಕಾವಲಿಯೂ ಆದೀತು. ಅದನ್ನು ಕಾಯುವ ಕೈ ಬದಲಾಗುತ್ತಿರಬೇಕು, ಅಷ್ಟೆ. ಕರಕಲಾದ ಭಾಗ ಆರೋಗ್ಯಕ್ಕೆ ಒಳ್ಳೆಯದಲ್ಲ, ಕೆತ್ತಿ ತೆಗೆಯಬೇಕು. ಮಾಂಸಾಹಾರಿಗಳಿರುವ ಕೂಟದಲ್ಲಿ ಇನ್ನೊಂದು ಜಾಲರಿ ಇಟ್ಟರೆ ಯಾರಿಗೂ ಇರಿಸುಮುರಿಸಿಲ್ಲ. ಮಧುಮೇಹಿಗಳಿಗೆ ರಸಾಯನದ ಬದಲು ಉಪ್ಪು–ಖಾರ ಹಚ್ಚಿದ ಸೀಬೆಯ ನಾಲ್ಕು ಹೋಳು ಸಾಕು. ಹೊಗೆಯಿಂದ ನೆರೆಯವರಿಗೆ ತೊಂದರೆಯಾಗುತ್ತದೆಂಬುದು ನಿಜವಾದ ದೂರು. ವಸತಿ ಸಮುಚ್ಚಯಗಳ ಸಂಘಗಳು ಈಜುಕೊಳ, ವ್ಯಾಯಾಮಶಾಲೆಗಳಿಗೆ ಖರ್ಚು ಮಾಡುವುದರಲ್ಲಿ ಒಂದಂಶವನ್ನು ಬಯಲಿನಲ್ಲೊಂದು ಸಾಮೂಹಿಕ ಒಲೆಗೆ ಮೀಸಲಿಟ್ಟರೆ ಆ ದೂರೂ ಬಹುಪಾಲು ನೀಗುತ್ತದೆ. ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲದ ನೂರಾರು ಕುಟುಂಬಗಳಿಗೆ ಪರಿಚಯದ ನೆಪವೂ ಸಿಗುತ್ತದೆ.

‘ಬಂದವರು ಏನೆಂದುಕೊಂಡಾರು?’ ಎಂಬ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಮದುವೆ, ಮುಂಜಿಗಳಲ್ಲಿ ಒಬ್ಬಟ್ಟು, ಚಿರೋಟಿಗಳಿಗೆ ಅವುಗಳದೇ ಸ್ಥಾನವಿದೆ. ಅದನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಗೆಳೆಯರ ಕೂಟವನ್ನೂ ಆ ಅಳತೆಗೋಲಿನಿಂದಲೇ ಅಳೆಯುವುದು ತಪ್ಪು ಎನ್ನುತ್ತಿದ್ದೇನೆ. ಪೈಪೋಟಿಯಿಂದ ಎಲ್ಲರೂ ನಷ್ಟ ಅನುಭವಿಸುತ್ತಿರುವಾಗ ಯಾರಾದರೊಬ್ಬರು ಮೊದಲು ಹಿಂದೆ ಸರಿಯಬೇಕಾಗುತ್ತದೆ. ಕಳೆದುಕೊಳ್ಳುವುದು ಕಡಿಮೆ ಇರುವ ಹಿರಿಯರಿಗೆ ಅದು ಸುಲಭ.

ನಮ್ಮ ಗುಂಪು ಆ ಫೆಬ್ರುವರಿಯ ನಂತರ ಐದು ಬಾರಿ ಸೇರಿದೆ. ಅಗಲಿದ ಗೆಳೆಯರ ಪತ್ನಿಯೂ ಈಗ ಬರುತ್ತಾರೆ. ಮಾವಿನ ಕಾಲದಲ್ಲಿ ಅವರ ಮನೆಯಲ್ಲೇ ಸೇರಿ ಸೀಕರಣೆ ಉಂಡೆವು, ಹಣ್ಣು ಹಿಂಡಿದವರು ನಾವು. ಹಿಂತಿರುಗುವ ದಾರಿಯಲ್ಲಿ ಅಂದು ಯಾರು ಏನು ಹೇಳಿದರೆಂಬುದನ್ನು ನನ್ನ ಪತ್ನಿ ಒಂದೂ ಬಿಡದೆ ನನಗೇ ಹೇಳುತ್ತಿದ್ದಳು. ಜೋಳ ತಿರುವುತ್ತಿದ್ದ ನನಗೆ ಅದರಲ್ಲಿ ಅರ್ಧ ಕೇಳಿಸಿರಲಿಲ್ಲ.