ತಕ್ಕಡಿಗೆ ಮುದ್ರೆಯುಂಟು, ಪ್ರಾಣದ ಪೆಟ್ಟಿಗೆಗೆ?

2018ನೇ ಇಸವಿ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿ ಮೀನುಗಾರರೊಡನೆ ಕಣ್ಮರೆಯಾಯಿತು. ಮಾಲ್ವಣದ ಕಡಲಿನ ತಳದಲ್ಲಿ ನೌಕಾದಳಕ್ಕೆ ಅದರ ಅವಶೇಷ ದೊರೆತದ್ದು 2019ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಏಳು ಮನೆಯವರು ದಾರಿ ಕಾದರು. ಬಂಟ್ವಾಳದ ಪೇಟೆಗೆ ಬರುವ ಬಂಗುಡೆ, ಬೂತಾಯಿಯ ಹಿಂದೆ ಇಂಥವರ ದುಡಿಮೆಯಿದೆ; ಆದುದರಿಂದ ಇದು ಕಡಲ ಕರೆಯವರ ಸಂಗತಿ ಮಾತ್ರವೆಂದು ನಮ್ಮ ಓದುಗರು ಪುಟ ತಿರುವಬಾರದು.

ಆಪತ್ತಿನಲ್ಲಿ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ಬೋಟಿನ ನೆಲೆ ತಿಳಿಯಿತು, ಅಲ್ಲಿಂದ ತಟರಕ್ಷಣಾ ಪಡೆಗೆ ಸುದ್ದಿ ಮುಟ್ಟಿತು. ಇಂಥ ಪೆಟ್ಟಿಗೆ 2010ರಿಂದಲೇ ಇದೆ. 20 ಸಾವಿರಕ್ಕೂ ಹೆಚ್ಚು ಬಳಕೆಗೆ ಬಂದಿವೆ. ಹಳೆಯದರಲ್ಲಿ ಒಂದು ದೊಡ್ಡ ಕೊರತೆಯಿತ್ತು: ಕೂಗಿದವನಿಗೆ ಮರುದನಿ ಇರಲಿಲ್ಲ. ತನ್ನ ಕೂಗು ಯಾರ ಕಿವಿಗಾದರೂ ಬಿತ್ತೋ ಇಲ್ಲವೋ ಎಂಬುದನ್ನು ಅರಿಯದೆ ಅಲೆಗಳ ನಡುವೆ ಕುಳಿತವನ ಪಾಡನ್ನು ಊಹಿಸಬಹುದು. 2024ರ ಜನವರಿಯಲ್ಲಿ ಇಸ್ರೋ ಹೊರತಂದ ಎರಡನೆಯ ತಲೆಮಾರಿನ ಪೆಟ್ಟಿಗೆ, ಕೂಗು ತಲುಪಿತೆಂದು ಉತ್ತರ ಕೊಡುತ್ತದೆ. ಚಂಡಮಾರುತದ ಮುನ್ಸೂಚನೆಯನ್ನೂ ಮುಟ್ಟಿಸುತ್ತದೆ. ವಿಜ್ಞಾನಿಗಳು ಅಭಿನಂದನೆಗೆ ಅರ್ಹರು.

ಆದರೆ ಬ್ಯಾಟರಿ ಸತ್ತ ಪೆಟ್ಟಿಗೆ ಬೋಟಿನಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪರೀಕ್ಷೆ ಮಾಡುತ್ತೇನೆಂದು ಆಪತ್ತಿನ ಗುಂಡಿಯನ್ನೇ ಒತ್ತುವುದೂ ಸಲ್ಲದು. ಜಗತ್ತಿನಲ್ಲೆಲ್ಲ ಇಂಥ ಸಾಧನಗಳಿಂದ ಬರುವ ಕೂಗಿನಲ್ಲಿ ಬಹುಪಾಲು ಹುಸಿಯೇ. ಒಂದೊಂದು ಹುಸಿ ಕೂಗೂ ರಕ್ಷಣೆಗೆ ಹೋಗುವವರ ಹೊತ್ತನ್ನು ತಿನ್ನುತ್ತದೆ. ಪರೀಕ್ಷೆಗೆ ಬೇರೆ ಕ್ರಮವಿದೆ, ಅದನ್ನು ತಿಳಿದವರು ಕಲಿಸಿಕೊಡಬೇಕು.

ನಮ್ಮ ಚಿಲ್ಲರೆ ವ್ಯಾಪಾರಿಯ ತಕ್ಕಡಿಗೆ ಕಾಲಕಾಲಕ್ಕೆ ಸರಕಾರದ ಮುದ್ರೆ ಬೀಳಬೇಕು, ತಪ್ಪಿದರೆ ದಂಡ. ಮಿಲ್ಲಿನ ಬಾಯ್ಲರಿಗೆ ಇನ್‌ಸ್ಪೆಕ್ಟರರ ಸರ್ಟಿಫಿಕೇಟು ಬೇಕು. (1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರು ಸಿಡಿದು ಜನ ಸತ್ತ ಮೇಲೆಯೇ ಅಂಥ ಕಾನೂನು ಹುಟ್ಟಿತೆಂಬುದು ಬೇರೆ ಮಾತು.) ಅರ್ಧ ಸೇರು ಬೆಲ್ಲಕ್ಕಿರುವ ಕಾವಲು ಏಳು ಜೀವಗಳಿಗೆ ಬೇಡವೆ? ಪೆಟ್ಟಿಗೆ ಹಂಚಿ, ಸಭೆ ನಡೆಸಿ, ಹಾರ ಹಾಕಿಸಿಕೊಂಡರೆ ಇಲಾಖೆಯ ಹೊಣೆ ತೀರುವುದಿಲ್ಲ.

ಮಳೆಗಾಲದ ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿಯುವ ಮುನ್ನ, ಮಲ್ಪೆಯಲ್ಲಿಯೂ ಮಂಗಳೂರಿನ ಬಂದರಿನಲ್ಲಿಯೂ ಪ್ರತಿಯೊಂದು ಪೆಟ್ಟಿಗೆಯನ್ನು ದುಡಿಯುವವರ ಕಣ್ಣೆದುರೇ ಪರೀಕ್ಷಿಸಿ ತಾರೀಖಿನ ಮುದ್ರೆ ಹಾಕತಕ್ಕದ್ದು. ಗುಂಡಿ ಎಲ್ಲಿದೆಯೆಂಬುದು ತಂಡೇಲನಿಗೆ ಮಾತ್ರ ಗೊತ್ತಿದ್ದರೆ ಸಾಲದು. ಒಡಿಶಾದಿಂದ, ಆಂಧ್ರದಿಂದ ಬಂದ ಕೂಲಿಯವರಿಗೂ ಅವರವರ ಭಾಷೆಯಲ್ಲಿ ಕಲಿಸಬೇಕು. ಬ್ಯಾಟರಿಯ ಖರ್ಚನ್ನು ಸರಕಾರ ಭರಿಸಲಿ, ಇಲ್ಲವೆ ಮಾಲಿಕರು ಭರಿಸಲಿ. ಕೂಲಿಯವರ ಪಾಲಿನಿಂದ ಒಂದು ಕಾಸನ್ನೂ ಮುರಿಯಕೂಡದು.